ಹತ್ತು ಕುಲಗಳು ಎಲ್ಲಿ ಹೋದವು?



ಶೀಲೋವಿನ ಪ್ರವಾದಿಯಾದ ಅಹೀಯನು ತಾನು ಹೊದ್ದಿದ್ದ ಹೊಸ ಹೊದಿಕೆಯನ್ನು ಹನ್ನೆರಡು ತುಂಡಾಗಿ ಹರಿದು, ಅವುಗಳಲ್ಲಿ ಹತ್ತನ್ನು ಯಾರೊಬ್ಬಾಮನ ಕೈಗೆ ಕೊಟ್ಟ ಪ್ರಸಂಗ ನಿಮಗೆ ನೆನಪಿರಬಹುದು. ಅರಸುಗಳ ಮೊದಲನೆಯ ಗ್ರಂಥದ ಹನ್ನೊಂದನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಕ್ರಿ.ಪೂ. 930ರ ಸುಮಾರಿಗೆ ಸೊಲೊಮೋನನು ತೀರಿಕೊಂಡ ಬಳಿಕ ಆ ಪ್ರವಾದನೆಯಂತೆಯೇ ರಾಜ್ಯ ಇಬ್ಭಾಗವಾಯಿತು. ದಕ್ಷಿಣದಲ್ಲಿ ಯೆಹೂದ, ಉತ್ತರದಲ್ಲಿ ಇಸ್ರಾಯೇಲ್. ದಕ್ಷಿಣದ ರಾಜ್ಯಕ್ಕೆ ದಾವೀದನ ಮನೆತನವೂ ಯೆರೂಸಲೇಮಿನ ದೇವಾಲಯವೂ ಉಳಿದವು. ಉತ್ತರದ ರಾಜ್ಯಕ್ಕೆ ಫಲವತ್ತಾದ ಕಣಿವೆಗಳೂ ವ್ಯಾಪಾರದ ಹೆದ್ದಾರಿಗಳೂ ಹೆಚ್ಚಿನ ಜನಬಲವೂ ಒದಗಿದವು. ಎರಡು ಶತಮಾನಗಳಷ್ಟು ಕಾಲ ಬಾಳಿದ ಆ ಉತ್ತರ ರಾಜ್ಯ ಅಶ್ಶೂರ್ಯರ ಕೈಗೆ ಸಿಕ್ಕಿ ನಾಶವಾಯಿತು. ಅಂದಿನಿಂದ ‘ಕಳೆದುಹೋದ ಹತ್ತು ಕುಲಗಳು’ ಎಂಬ ಮಾತು ಲೋಕದ ತುಂಬ ಸಂಚರಿಸುತ್ತಲೇ ಇದೆ.

ಕಾಶ್ಮೀರದವರೇ ಆ ಕುಲದವರು ಎಂದು ಕೆಲವರು ಹೇಳುವುದನ್ನು ನೀವು ಕೇಳಿರಬಹುದು. ಅಫ್ಘಾನಿಸ್ತಾನದ ಪಠಾಣರು, ಅಮೆರಿಕದ ಮೂಲನಿವಾಸಿಗಳು, ಇಂಗ್ಲಿಷರು, ಮಿಜೋರಾಮಿನ ಬೆಟ್ಟದ ಜನರು ಎಂದು ಹೇಳುವವರೂ ಇದ್ದಾರೆ. ಇಂಥ ಮಾತುಗಳು ಕರಪತ್ರಗಳಲ್ಲಿ, ಉಪದೇಶಗಳಲ್ಲಿ, ಈಗ ಮೊಬೈಲ್ ಫೋನುಗಳಲ್ಲಿ ಮನೆಮನೆಗೂ ಬರುತ್ತಿವೆ. ಇವನ್ನು ಕೇಳಿದಾಗ ಸತ್ಯವೇದವನ್ನು ಪ್ರೀತಿಸುವ ಕುಟುಂಬಗಳು ಏನೆಂದು ತಿಳಿಯಬೇಕು? ನಗಬೇಕೇ, ನಂಬಬೇಕೇ? ಎರಡಕ್ಕೂ ಮುಂಚೆ ಚರಿತ್ರೆ ಏನನ್ನುತ್ತದೆ ಎಂಬುದನ್ನು ತಾಳ್ಮೆಯಿಂದ ನೋಡೋಣ.

ಸಮಾರ್ಯದ ಪತನ

ಉತ್ತರ ರಾಜ್ಯವು ಒಂದೇ ದಿನದಲ್ಲಿ ಬೀಳಲಿಲ್ಲ. ಅಶ್ಶೂರ್ಯದ ಅರಸನಾದ ಮೂರನೆಯ ತಿಗ್ಲತ್ಪಿಲೆಸರನು ಕ್ರಿ.ಪೂ. 734ರಿಂದ 732ರವರೆಗೆ ನಡೆಸಿದ ದಂಡಯಾತ್ರೆಯಲ್ಲಿ ಗಲಿಲಾಯವನ್ನೂ ಯೊರ್ದನಿನ ಆಚೆಯ ಗಿಲ್ಯಾದನ್ನೂ ಕಿತ್ತುಕೊಂಡು, ನಫ್ತಾಲಿ, ರೂಬೇನ್, ಗಾದ್ ಕುಲಗಳವರನ್ನೂ ಮನಸ್ಸೆಯ ಅರ್ಧಕುಲದವರನ್ನೂ ಸೆರೆಯೊಯ್ದನು. ಹೋಶೇಯನನ್ನು ಸಮಾರ್ಯದ ಗದ್ದುಗೆಯ ಮೇಲೆ ಕೂರಿಸಿದವನು ತಾನೇ ಎಂದು ಅವನ ಶಾಸನಗಳು ಹೇಳಿಕೊಳ್ಳುತ್ತವೆ. ಕೆಲವು ವರ್ಷಗಳ ಬಳಿಕ ಹೋಶೇಯನು ಕಪ್ಪ ಕಳುಹಿಸುವುದನ್ನು ನಿಲ್ಲಿಸಿ ಐಗುಪ್ತದ ಕಡೆಗೆ ಕೈಚಾಚಿದನು. ಆಗ ಶಲ್ಮನೆಸರನು ಬಂದು ಸಮಾರ್ಯವನ್ನು ಮೂರು ವರ್ಷ ಮುತ್ತಿದನು. ಕ್ರಿ.ಪೂ. 722ರ ಸುಮಾರಿಗೆ ಪಟ್ಟಣ ಬಿದ್ದಿತು. ಅದೇ ಹೊತ್ತಿಗೆ ಪಟ್ಟಕ್ಕೆ ಬಂದ ಎರಡನೆಯ ಸರ್ಗೋನನು ಈ ಜಯವನ್ನು ತನ್ನದೆಂದು ಬರೆಸಿಕೊಂಡನು.

ಸರ್ಗೋನನ ಹೆಸರು ಇಡೀ ಸತ್ಯವೇದದಲ್ಲಿ ಯೆಶಾಯನ ಗ್ರಂಥದಲ್ಲಿ ಒಮ್ಮೆ ಮಾತ್ರ ಬರುತ್ತದೆ. 1843ರಲ್ಲಿ ಫ್ರಾನ್ಸಿನ ಪೌಲ್ ಎಮಿಲ್ ಬೊಟಾ ಎಂಬವರು ಇಂದಿನ ಇರಾಕಿನ ಮೋಸುಲ್ ಪಟ್ಟಣದ ಸಮೀಪ ಖೋರ್ಸಾಬಾದಿನಲ್ಲಿ ಅಗೆದಾಗ ಆ ಅರಸನ ಅರಮನೆಯೇ ಮಣ್ಣಿನೊಳಗಿಂದ ಮೇಲೆದ್ದಿತು. ಅದರ ಗೋಡೆಯ ಶಾಸನವೊಂದರಲ್ಲಿ ಅರಸನು ಸಮಾರ್ಯವನ್ನು ಗೆದ್ದ ಸಂಗತಿಯನ್ನು ಹೇಳಿ, ಅಲ್ಲಿಂದ 27,290 ಮಂದಿಯನ್ನು ಒಯ್ದೆನೆಂದೂ ಅವರೊಳಗಿಂದ 50 ರಥಗಳ ಪಡೆಯೊಂದನ್ನು ತನ್ನ ಸೇನೆಗೆ ಸೇರಿಸಿಕೊಂಡೆನೆಂದೂ ಲೆಕ್ಕ ಕೊಡುತ್ತಾನೆ. ಸತ್ಯವೇದ ಹೇಳಿದ ಸೆರೆಯ ಕಥೆಗೆ ಶತ್ರುವಿನ ಬಾಯಿಂದಲೇ ದೊರೆತ ಸಾಕ್ಷಿ ಇದು.

ಆದರೆ ಈ ಸಂಖ್ಯೆಯನ್ನು ನಿಧಾನವಾಗಿ ಗಮನಿಸಿರಿ. ಆ ಕಾಲದಲ್ಲಿ ಉತ್ತರ ರಾಜ್ಯದ ಜನಸಂಖ್ಯೆ ಸುಮಾರು ಮೂರೂವರೆ ಲಕ್ಷ ಇದ್ದಿರಬಹುದೆಂದು ಇಸ್ರೇಲಿನ ಪುರಾತತ್ವಜ್ಞರು ಊರುಗಳ ವಿಸ್ತಾರವನ್ನು ಅಳೆದು ಅಂದಾಜಿಸಿದ್ದಾರೆ. ಹಾಗಾದರೆ ಸರ್ಗೋನನು ಒಯ್ದವರು ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ತಿಗ್ಲತ್ಪಿಲೆಸರನು ಮೊದಲೇ ಒಯ್ದವರನ್ನು ಕೂಡಿಸಿದರೂ ಇಡೀ ಜನಾಂಗವೇ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಯಿತೆಂದು ಹೇಳಲಾಗದು. ಅಂದರೆ ‘ಹತ್ತು ಕುಲಗಳು’ ಒಂದೇ ಗುಂಪಾಗಿ ಒಂದೇ ದಾರಿ ಹಿಡಿಯಲಿಲ್ಲ. ಮೂರು ದಾರಿಗಳಾಗಿ ಚೆದರಿದರು.

ಮೂರು ದಾರಿಗಳು

ಮೊದಲನೆಯದು ಸೆರೆಯ ದಾರಿ. ಅರಸುಗಳ ಎರಡನೆಯ ಗ್ರಂಥದ ಹದಿನೇಳನೆಯ ಅಧ್ಯಾಯ ಆ ಸ್ಥಳಗಳ ಹೆಸರುಗಳನ್ನು ಸ್ಪಷ್ಟವಾಗಿ ಕೊಡುತ್ತದೆ: ಹಲಹು, ಗೋಜಾನ್ ಸೀಮೆಯ ಹಾಬೋರ್ ನದಿಯ ತೀರ, ಮೇದ್ಯರ ಪಟ್ಟಣಗಳು. ಇವು ಕಾಲ್ಪನಿಕ ಸ್ಥಳಗಳಲ್ಲ. ಹಾಬೋರ್ ಎಂದರೆ ಇಂದಿನ ಈಶಾನ್ಯ ಸಿರಿಯಾದಲ್ಲಿ ಹರಿದು ಯೂಫ್ರೆಟಿಸನ್ನು ಸೇರುವ ಖಾಬೂರ್ ನದಿ. ಗೋಜಾನ್ ಎಂದರೆ ಅದೇ ಪ್ರದೇಶದ ಟೆಲ್ ಹಲಾಫ್ ಎಂಬ ದಿಬ್ಬ. ಮೇದ್ಯವು ಇಂದಿನ ಇರಾನಿನ ಪಶ್ಚಿಮ ಭಾಗ. ಗೋಜಾನಿನಲ್ಲಿ ದೊರೆತ ಮಣ್ಣಿನ ಫಲಕಗಳಲ್ಲಿ ಇಬ್ರಿಯ ಹೆಸರುಗಳುಳ್ಳವರು ಕಾಣಿಸಿಕೊಳ್ಳುತ್ತಾರೆ. ಅಶ್ಶೂರ್ಯದ ನಿಮ್ರೂದಿನಲ್ಲಿ ದೊರೆತ ಸೇನೆಯ ಪಟ್ಟಿಗಳಲ್ಲಿ ಸಮಾರ್ಯದ ರಥಿಕರ ದಳವೊಂದು ಬೇರೆಯಾಗಿಯೇ ಲೆಕ್ಕಕ್ಕೆ ಬಂದಿದೆ. ಸೋತ ನಾಡಿನ ಕುಶಲರನ್ನು ಗೆದ್ದವರು ಕೊಲ್ಲದೆ ಕೆಲಸಕ್ಕೆ ಹಚ್ಚಿದರೆಂಬುದಕ್ಕೆ ಇದು ನಿದರ್ಶನ. ರೈತನಿಗೆ ಹೊಲ, ಯೋಧನಿಗೆ ರಥ, ಕಮ್ಮಾರನಿಗೆ ಕುಲುಮೆ ದೊರೆತವು. ದೊರೆಯದೆ ಹೋದದ್ದು ತಾಯ್ನಾಡು ಮಾತ್ರ.

ಎರಡನೆಯದು ದಕ್ಷಿಣದ ದಾರಿ. ಸಮಾರ್ಯ ಬೀಳುತ್ತಿದ್ದಂತೆ ಅನೇಕರು ಗಡಿ ದಾಟಿ ಯೆಹೂದಕ್ಕೆ ಓಡಿಬಂದರೆಂದು ಬಹುಮಂದಿ ವಿದ್ವಾಂಸರು ಎಣಿಸುತ್ತಾರೆ. ಕ್ರಿ.ಪೂ. ಎಂಟನೆಯ ಶತಮಾನದ ಕೊನೆಯಲ್ಲಿ ಯೆರೂಸಲೇಮ್ ಇದ್ದಕ್ಕಿದ್ದಂತೆ ಹಲವು ಪಟ್ಟು ಬೆಳೆದು ಪಶ್ಚಿಮದ ಗುಡ್ಡದ ಮೇಲೆಲ್ಲ ಹರಡಿತು. 1970ರ ದಶಕದಲ್ಲಿ ನಹಮಾನ್ ಅವಿಗಾದ್ ಎಂಬ ಪುರಾತತ್ವಜ್ಞರು ಅಲ್ಲಿ ಏಳು ಮೀಟರಿನಷ್ಟು ದಪ್ಪದ ಕೋಟೆಗೋಡೆಯನ್ನು ಬೆಳಕಿಗೆ ತಂದರು. ಅರಸನಾದ ಹಿಜ್ಕೀಯನು ಹೊಸ ಬಡಾವಣೆಯನ್ನು ಕಾಯಲು ಕಟ್ಟಿಸಿದ ಗೋಡೆ ಅದೆಂದು ತಿಳಿಯಲಾಗಿದೆ. ಪೂರ್ವಕಾಲವೃತ್ತಾಂತದ ಎರಡನೆಯ ಗ್ರಂಥವನ್ನು ತೆರೆದು ನೋಡಿರಿ: ಹಿಜ್ಕೀಯನು ಪಸ್ಕಹಬ್ಬಕ್ಕೆ ಉತ್ತರದವರನ್ನೂ ಕರೆಕಳುಹಿಸಿದಾಗ ಹಲವರು ಆ ಕರೆಯನ್ನು ಹಾಸ್ಯಮಾಡಿದರೂ ಆಶೇರ್, ಮನಸ್ಸೆ, ಜೆಬುಲೋನ್ ಕುಲಗಳ ಕೆಲವರು ತಗ್ಗಿಸಿಕೊಂಡು ಬಂದರೆಂದು ಅಲ್ಲಿ ಬರೆದಿದೆ. ಹೀಗೆ ಬಂದವರ ಮಕ್ಕಳು ಯೆಹೂದ್ಯರೊಳಗೆ ಬೆರೆತು ಯೆಹೂದ್ಯರೇ ಆದರು.

ಮೂರನೆಯದು ದಾರಿಯೇ ಅಲ್ಲ; ಅದು ಇದ್ದಲ್ಲೇ ಉಳಿದವರ ಕಥೆ. ಅಶ್ಶೂರ್ಯರು ಬಾಬೆಲ್, ಕೂತಾ, ಹಮಾತ್ ಮೊದಲಾದ ಕಡೆಗಳಿಂದ ಜನರನ್ನು ತಂದು ಸಮಾರ್ಯದಲ್ಲಿ ನೆಲೆಗೊಳಿಸಿದರು. ಉಳಿದ ಇಸ್ರಾಯೇಲ್ಯರು ಆ ಹೊಸಬರ ನಡುವೆ ಬಾಳಿದರು. ತಾವು ಎಫ್ರಾಯೀಮ್ ಮತ್ತು ಮನಸ್ಸೆ ಕುಲಗಳ ಸಂತತಿಯೆಂದು ಇಂದಿಗೂ ಹೇಳಿಕೊಳ್ಳುವ ಸಮಾರ್ಯದವರು ಗೆರಿಜ್ಜೀಮ್ ಬೆಟ್ಟದ ಮೇಲೆ ವರ್ಷಕ್ಕೊಮ್ಮೆ ಪಸ್ಕದ ಕುರಿಯನ್ನು ವಧಿಸುತ್ತಾರೆ. ಮೋಶೆಯ ಐದು ಗ್ರಂಥಗಳನ್ನು ತಮ್ಮದೇ ಪ್ರಾಚೀನ ಲಿಪಿಯಲ್ಲಿ ಕಾಪಾಡಿಕೊಂಡಿದ್ದಾರೆ. ಅವರ ಸಂಖ್ಯೆ ಇಂದು ಸಾವಿರಕ್ಕಿಂತ ಕಡಿಮೆ. ಕರ್ತನು ಬಾವಿಯ ಬಳಿ ನೀರು ಕೇಳಿದ ಹೆಂಗಸು ಈ ಜನರವಳು. ಕಳ್ಳರ ಕೈಗೆ ಸಿಕ್ಕಿ ಗಾಯಗೊಂಡವನನ್ನು ಎತ್ತಿ ಉಪಚರಿಸಿದವನೆಂದು ಸಾಮ್ಯದಲ್ಲಿ ಬರುವವನೂ ಈ ಜನರವನೇ. ಕಳೆದುಹೋದ ಕುಲಗಳನ್ನು ಭೂಮಿಯ ಕಟ್ಟಕಡೆಯಲ್ಲಿ ಹುಡುಕಿದ ಲೋಕವು ಬಾಗಿಲ ಮುಂದಿದ್ದ ಇವರನ್ನು ಶತಮಾನಗಳ ಕಾಲ ಅನ್ಯರೆಂದೇ ಕಂಡಿತು.

ಮರೆವು ಹೇಗೆ ಬಂದಿತು?

ಯೆಹೂದ್ಯರೂ ಮುಂದೆ ಬಾಬೆಲಿಗೆ ಸೆರೆಯಾಗಿ ಹೋದರು. ಆದರೂ ಅವರು ಕಳೆದುಹೋಗಲಿಲ್ಲವಲ್ಲ, ಏಕೆ? ಬಾಬೆಲಿನವರು ಅವರನ್ನು ಗುಂಪುಗುಂಪಾಗಿ ಒಂದೆಡೆ ನೆಲೆಗೊಳಿಸಿದರು. ಇರಾಕಿನಲ್ಲಿ ದೊರೆತು ಇತ್ತೀಚಿನ ದಶಕಗಳಲ್ಲಿ ಪ್ರಕಟವಾದ ಮಣ್ಣಿನ ಫಲಕಗಳಲ್ಲಿ ‘ಯೆಹೂದದ ಊರು’ ಎಂಬ ಹೆಸರಿನ ಗ್ರಾಮವೇ ಕಾಣುತ್ತದೆ. ಯೆಹೆಜ್ಕೇಲನಂಥ ಪ್ರವಾದಿ ಅವರ ನಡುವೆಯೇ ಇದ್ದನು. ಕ್ರಿ.ಪೂ. 539ರಲ್ಲಿ ಪಾರಸಿಯರ ಕೋರೆಷನು ಬಾಬೆಲನ್ನು ಗೆದ್ದು ಮರಳುವ ಅಪ್ಪಣೆ ಕೊಟ್ಟಾಗ ದೇವಾಲಯವನ್ನು ಕಣ್ಣಾರೆ ಕಂಡಿದ್ದ ವೃದ್ಧರು ಇನ್ನೂ ಬದುಕಿದ್ದರು. ಉತ್ತರದವರಿಗೋ ಆ ಹೊತ್ತಿಗೆ ನೂರೆಂಬತ್ತು ವರ್ಷಗಳು ಕಳೆದಿದ್ದವು. ದೂರದೂರಕ್ಕೆ ಚೆದರಿದ್ದ ಅವರನ್ನು ಕೂಡಿಸಲು ಅಂಥ ಆಲಯವಾಗಲಿ ಪ್ರವಾದಿಯಾಗಲಿ ಇರಲಿಲ್ಲ. ಮೊಮ್ಮಕ್ಕಳು ಆ ನೆಲದ ಅರಾಮಿಕ್ ಭಾಷೆಯನ್ನಾಡಿದರು, ಅಲ್ಲಿನವರನ್ನೇ ಮದುವೆಯಾದರು. ಯಾರೂ ಅವರನ್ನು ಅಡಗಿಸಿಡಲಿಲ್ಲ. ಹೊಳೆಯ ನೀರು ಕೆರೆಗೆ ಸೇರಿದಂತೆ ಅವರು ನೆರೆಹೊರೆಯಲ್ಲಿ ಸೇರಿಹೋದರು.

ಹೊಸ ಒಡಂಬಡಿಕೆಯ ಕಾಲದವರಿಗೆ ಹತ್ತು ಕುಲಗಳು ಪೂರ್ತಿ ಇಲ್ಲವಾದವೆಂಬ ಭಾವನೆ ಇರಲಿಲ್ಲ. ಶಿಶುವಾದ ಯೇಸುವನ್ನು ದೇವಾಲಯದಲ್ಲಿ ಕಂಡು ದೇವರನ್ನು ಕೊಂಡಾಡಿದ ಅನ್ನಳು ಆಶೇರನ ಕುಲದವಳೆಂದು ಲೂಕನು ಬರೆಯುತ್ತಾನೆ. ಅಗ್ರಿಪ್ಪನ ಮುಂದೆ ಪೌಲನು ಹನ್ನೆರಡು ಕುಲಗಳ ನಿರೀಕ್ಷೆಯ ಬಗ್ಗೆ ಮಾತನಾಡುತ್ತಾನೆ. ಯಾಕೋಬನ ಪತ್ರಿಕೆ ಚೆದರಿರುವ ಹನ್ನೆರಡು ಕುಲಗಳಿಗೆ ವಂದನೆ ಹೇಳಿ ಆರಂಭವಾಗುತ್ತದೆ.

ಹುಡುಕಿದವರ ಕಥೆ

ಆದರೆ ಕಲ್ಪನೆ ಬೇರೆ ದಾರಿ ಹಿಡಿದಿತ್ತು. ಹತ್ತು ಕುಲಗಳು ಯೂಫ್ರೆಟಿಸಿನ ಆಚೆ ಎಣಿಸಲಾಗದಷ್ಟು ಜನರಾಗಿ ಬೆಳೆದಿವೆಯೆಂದು ಕ್ರಿ.ಶ. ಒಂದನೆಯ ಶತಮಾನದ ಚರಿತ್ರೆಕಾರ ಜೋಸೆಫಸನು ಬರೆದನು. ಒಂಬತ್ತನೆಯ ಶತಮಾನದಲ್ಲಿ ಎಲ್ದಾದ್ ಎಂಬ ಪ್ರವಾಸಿ ಉತ್ತರ ಆಫ್ರಿಕದ ಕೈರುವಾನ್ ಪಟ್ಟಣಕ್ಕೆ ಬಂದು ತಾನು ದಾನ್ ಕುಲದವನೆಂದನು. ಕುಶ್ ದೇಶದಾಚೆ ತನ್ನವರು ಸ್ವತಂತ್ರರಾಗಿ ಬಾಳುತ್ತಿದ್ದಾರೆಂದೂ, ಆರು ದಿನ ಕಲ್ಲುಗಳನ್ನು ಉರುಳಿಸುತ್ತ ಭೋರ್ಗರೆದು ಸಬ್ಬತ್ ದಿನದಲ್ಲಿ ಮಾತ್ರ ಸುಮ್ಮನಾಗುವ ಸಂಬತ್ಯೋನ್ ಎಂಬ ನದಿ ಅಲ್ಲಿದೆಯೆಂದೂ ವರ್ಣಿಸಿದನು. ದೇಶದೇಶಗಳಲ್ಲಿ ಹಿಂಸೆಗೊಳಗಾಗಿದ್ದ ಯೆಹೂದ್ಯರಿಗೆ, ಎಲ್ಲೋ ಒಂದೆಡೆ ತಮ್ಮ ಅಣ್ಣತಮ್ಮಂದಿರು ಯಾರಿಗೂ ತಲೆಬಾಗದೆ ಬದುಕಿದ್ದಾರೆಂಬ ಸುದ್ದಿ ಎಷ್ಟು ಸಾಂತ್ವನ ಕೊಟ್ಟಿರಬೇಕೆಂದು ಯೋಚಿಸಿ ನೋಡಿರಿ.

1644ರಲ್ಲಿ ಮೊಂಟೆಸಿನೋಸ್ ಎಂಬ ಪ್ರಯಾಣಿಕನು ದಕ್ಷಿಣ ಅಮೆರಿಕದ ಬೆಟ್ಟಗಳಲ್ಲಿ ಇಬ್ರಿಯ ಪ್ರಾರ್ಥನೆ ಹೇಳುವವರನ್ನು ಕಂಡೆನೆಂದು ಆಮ್‌ಸ್ಟರ್‌ಡಾಮಿನಲ್ಲಿ ಸಾಕ್ಷಿ ಹೇಳಿದನು. ಅಲ್ಲಿನ ರಬ್ಬಿ ಮೆನಸ್ಸೆ ಬೆನ್ ಇಸ್ರಾಯೇಲನು ಅದನ್ನು ಆಧರಿಸಿ 1650ರಲ್ಲಿ ‘ಇಸ್ರಾಯೇಲಿನ ನಿರೀಕ್ಷೆ’ ಎಂಬ ಪುಸ್ತಕವನ್ನು ಪ್ರಕಟಿಸಿದನು. ಯೆಹೂದ್ಯರು ಭೂಮಿಯ ಕಟ್ಟಕಡೆಯವರೆಗೂ ಚೆದರಿದ ಮೇಲೆ ವಿಮೋಚನೆ ಬರುವುದೆಂಬ ವಾದದೊಡನೆ 1655ರಲ್ಲಿ ಲಂಡನಿಗೆ ಹೋಗಿ ಕ್ರಾಮ್‌ವೆಲನನ್ನು ಬೇಡಿಕೊಂಡನು. 1290ರಲ್ಲಿ ಇಂಗ್ಲೆಂಡಿನಿಂದ ಹೊರದೂಡಲ್ಪಟ್ಟಿದ್ದ ಯೆಹೂದ್ಯರು ಅಲ್ಲಿ ಮತ್ತೆ ನೆಲೆಸಲು ಈ ಯತ್ನವೂ ನೆರವಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹುಡುಕಾಟ ಇನ್ನೊಂದು ರೂಪ ತಳೆಯಿತು. ಇಂಗ್ಲಿಷರೇ ಕಳೆದುಹೋದ ಕುಲದವರೆಂದು ಜಾನ್ ವಿಲ್ಸನ್ ಎಂಬವನು 1840ರಲ್ಲಿ ಪುಸ್ತಕ ಬರೆದನು. ‘ಸ್ಯಾಕ್ಸನ್’ ಎಂದರೆ ‘ಐಸಾಕನ ಪುತ್ರರು’, ‘ಡ್ಯಾನ್ಯೂಬ್’ ನದಿಯ ಹೆಸರಿನಲ್ಲಿ ದಾನ್ ಕುಲವಿದೆ ಎಂಬಂಥ ಶಬ್ದಸಾಮ್ಯಗಳೇ ಈ ಪಂಥದವರ ಆಧಾರ. ಭಾಷಾಶಾಸ್ತ್ರದಲ್ಲಿ ಇವಕ್ಕೆ ಯಾವ ನೆಲೆಯೂ ಇಲ್ಲ. ಆದರೂ ಲೋಕದ ಕಾಲುಭಾಗವನ್ನು ಆಳುತ್ತಿದ್ದವರಿಗೆ ಈ ಮಾತು ಬಹಳ ಹಿಡಿಸಿತು. ಆಳುವ ಹಕ್ಕು ತಮಗೆ ದೇವರಿಂದಲೇ ಬಂದದ್ದೆಂದು ನಂಬಲು ಅದು ಅನುಕೂಲವಾಗಿತ್ತು. ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಇದೇ ಬೀಜದಿಂದ ಯೆಹೂದ್ಯರನ್ನೂ ಕರಿಯರನ್ನೂ ದ್ವೇಷಿಸುವ ಬಿಳಿಯರ ಪಂಥಗಳು ಹುಟ್ಟಿದವು. ಸತ್ಯವೇದದ ಹೆಸರಿನಲ್ಲಿ ರಕ್ತದ ಹೆಮ್ಮೆಯನ್ನು ಬೆಳೆಸಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ಬೇಕಿಲ್ಲ.

ಇಂದು ಇಸ್ರಾಯೇಲ್ಯರೆಂದು ಹೇಳಿಕೊಳ್ಳುವವರು

ಬಲವುಳ್ಳವರ ಬಾಯಲ್ಲಿ ಹೀಗಿದ್ದ ಮಾತು ಬಡವರ ಬಾಯಲ್ಲಿ ಬೇರೊಂದು ಅರ್ಥ ಪಡೆಯಿತು. ಇಥಿಯೋಪಿಯಾದ ‘ಬೇಟ ಇಸ್ರಾಯೇಲ್’ ಜನರನ್ನು ನೋಡಿರಿ. ಅವರು ಬೆಟ್ಟದ ಹಳ್ಳಿಗಳಲ್ಲಿ ಕಮ್ಮಾರಿಕೆ, ಕುಂಬಾರಿಕೆ ಮಾಡಿಕೊಂಡು, ನೆರೆಯವರಿಂದ ‘ಫಲಾಷ’ರೆಂದು, ಅಂದರೆ ನೆಲೆಯಿಲ್ಲದವರೆಂದು ಹೀಯಾಳಿಸಿಕೊಳ್ಳುತ್ತ, ಸಬ್ಬತ್ತನ್ನೂ ಮೋಶೆಯ ಧರ್ಮಶಾಸ್ತ್ರವನ್ನೂ ಬಿಡದೆ ಪಾಲಿಸಿದವರು. ಇವರು ದಾನ್ ಕುಲದವರೆಂದು ಹದಿನಾರನೆಯ ಶತಮಾನದಲ್ಲಿ ಐಗುಪ್ತದ ಒಬ್ಬ ರಬ್ಬಿ ತೀರ್ಪು ಬರೆದಿದ್ದನು. ಆ ತೀರ್ಪಿನ ಹಿಂದೆ ಎಲ್ದಾದನ ಹಳೆಯ ಕಥೆಯ ನೆರಳಿತ್ತು. 1973ರಲ್ಲಿ ಇಸ್ರೇಲಿನ ಮುಖ್ಯ ರಬ್ಬಿಗಳಲ್ಲೊಬ್ಬರಾಗಿದ್ದ ಒವಾದ್ಯ ಯೋಸೇಫರು ಆ ತೀರ್ಪನ್ನೇ ಆಧರಿಸಿ ಅವರನ್ನು ಯೆಹೂದ್ಯರೆಂದು ಒಪ್ಪಿದರು. ಬರ ಮತ್ತು ಅಂತರ್ಯುದ್ಧದಿಂದ ಕಂಗೆಟ್ಟಿದ್ದ ಅವರಲ್ಲಿ ಸಾವಿರಾರು ಮಂದಿಯನ್ನು 1984-85ರಲ್ಲಿ ಸುಡಾನಿನ ಮೂಲಕ ಕರೆದೊಯ್ಯಲಾಯಿತು. 1991ರ ಮೇ ತಿಂಗಳಲ್ಲಿ ಸುಮಾರು 36 ಗಂಟೆಗಳೊಳಗೆ 14,000ಕ್ಕೂ ಹೆಚ್ಚು ಮಂದಿಯನ್ನು ವಿಮಾನಗಳಲ್ಲಿ ಇಸ್ರೇಲಿಗೆ ಸಾಗಿಸಲಾಯಿತು. ಆಸನಗಳನ್ನು ತೆಗೆದ ಒಂದೇ ವಿಮಾನದಲ್ಲಿ ಸಾವಿರಕ್ಕೂ ಹೆಚ್ಚು ಜನರಿದ್ದರು. ಒಂಬತ್ತನೆಯ ಶತಮಾನದ ಪ್ರವಾಸಿಯೊಬ್ಬನ ನಂಬಲಾಗದ ಕಥೆ ಇಪ್ಪತ್ತನೆಯ ಶತಮಾನದಲ್ಲಿ ಸಾವಿರಾರು ಜೀವಗಳನ್ನು ಉಳಿಸಲು ಕಾರಣವಾಯಿತು.

ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲ. ಅವರ ಯೆಹೂದ್ಯತ್ವವನ್ನು ಇನ್ನೊಮ್ಮೆ ದೃಢಪಡಿಸಬೇಕೆಂದು ಧರ್ಮಾಧಿಕಾರಿಗಳು ಕೇಳಿದಾಗ 1985ರಲ್ಲಿ ಅವರು ಬೀದಿಗಿಳಿದು ಪ್ರತಿಭಟಿಸಿದರು. 1996ರಲ್ಲಿ ಇನ್ನೊಂದು ಸುದ್ದಿ ಹೊರಬಿತ್ತು: ರೋಗದ ಭಯದಿಂದ ಇಥಿಯೋಪಿಯಾದವರು ದಾನಮಾಡಿದ ರಕ್ತವನ್ನು ರಕ್ತನಿಧಿಯು ಅವರಿಗೆ ತಿಳಿಸದೆ ಚೆಲ್ಲುತ್ತಿತ್ತು. ಇಸ್ರಾಯೇಲನ ರಕ್ತ ತಮ್ಮಲ್ಲಿ ಹರಿಯುತ್ತದೆಂದು ನಂಬಿ ಬಂದವರಿಗೆ ಆದ ನೋವನ್ನು ನಾವು ಊಹಿಸಬಹುದು.

ನಮ್ಮ ಭಾರತದಲ್ಲಿಯೂ ಇಂಥ ಕಥೆಗಳಿವೆ. ಕೊಂಕಣ ತೀರದ ‘ಬೆನೆ ಇಸ್ರಾಯೇಲ್’ ಜನರು, ಅಲಿಬಾಗಿನ ಸಮೀಪದ ನವಗಾಂವಿನ ಬಳಿ ಹಡಗು ಒಡೆದು ಬದುಕಿ ಉಳಿದ ಏಳು ಗಂಡಸರು ಮತ್ತು ಏಳು ಹೆಂಗಸರ ಸಂತತಿ ತಾವೆಂದು ಹೇಳುತ್ತಾರೆ. ಗಾಣದ ಕಸುಬಿನವರಾಗಿದ್ದ ಇವರು ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಸುತ್ತಲಿನವರು ‘ಶನಿವಾರದ ತೇಲಿ’ಗಳೆಂದು, ಎಂದರೆ ಶನಿವಾರದ ಗಾಣಿಗರೆಂದು ಕರೆದರು. ಯೆಹೂದ್ಯರೆಂದು ಹೇಳಿಕೊಳ್ಳದೆ ‘ಇಸ್ರಾಯೇಲನ ಮಕ್ಕಳು’ ಎಂದೇ ಕರೆದುಕೊಳ್ಳುತ್ತಿದ್ದ ಕಾರಣ ಇವರು ಹತ್ತು ಕುಲದವರಿರಬಹುದೆಂದು ಹಲವರು ಊಹಿಸಿದರು. ನಮ್ಮ ನಾಡಿನೊಂದಿಗೂ ಇವರಿಗೊಂದು ನಂಟುಂಟು. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದ ಸಾಮುವೇಲ್ ಎಜೆಕಿಯೇಲ್ ದಿವೇಕರ್ ಎಂಬವನು ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾಳಾದನು. ನೀನು ಯಾವ ಜನಾಂಗದವನೆಂದು ಕೇಳಿದಾಗ ಬೆನೆ ಇಸ್ರಾಯೇಲ್ ಎಂದುದರಿಂದ, ಕುರಾನಿನಲ್ಲಿರುವ ಆ ಹೆಸರನ್ನು ಬಲ್ಲ ಟಿಪ್ಪುವಿನ ತಾಯಿ ಕನಿಕರಿಸಿ ಬಿಡಿಸಿದಳೆಂದು ಅವರ ಪರಂಪರೆ ಹೇಳುತ್ತದೆ. ಬಿಡುಗಡೆಯ ಕೃತಜ್ಞತೆಗಾಗಿ ಅವನು 1796ರಲ್ಲಿ ಮುಂಬಯಿಯಲ್ಲಿ ಕಟ್ಟಿಸಿದ ಸಭಾಮಂದಿರವು ಆ ನಗರದ ಮೊದಲನೆಯದು. ‘ಕರುಣೆಯ ಬಾಗಿಲು’ ಎಂಬುದು ಅದರ ಹೆಸರು. ಇಂಥ ಹಳೆಯ ಸಮುದಾಯವನ್ನು ಕೂಡ ಇಸ್ರೇಲಿನಲ್ಲಿ ಮದುವೆಯ ವಿಷಯದಲ್ಲಿ ಸಂಶಯದಿಂದ ಕಾಣಲಾಯಿತು. ಬಹುದಿನದ ಹೋರಾಟದ ಬಳಿಕ 1964ರಲ್ಲಿ ಅವರಿಗೆ ಪೂರ್ಣ ಮನ್ನಣೆ ದೊರೆಯಿತು.

ಈಶಾನ್ಯದ ಮಿಜೋ ಮತ್ತು ಕುಕಿ ಜನರ ಕಥೆ ಬೇರೆ. ಅವರ ಹಾಡುಗಳಲ್ಲಿ ಮನ್ಮಾಸಿ ಎಂಬ ಮೂಲಪುರುಷನಿದ್ದಾನೆ. 1894ರಿಂದ ಮಿಷನರಿಗಳು ಆ ಬೆಟ್ಟಗಳಿಗೆ ಸುವಾರ್ತೆಯನ್ನು ಒಯ್ದರು. ಕೆಲವೇ ದಶಕಗಳಲ್ಲಿ ಜನರು ಸತ್ಯವೇದವನ್ನು ತಮ್ಮದಾಗಿಸಿಕೊಂಡರು. ಓದಿದಾಗ ಮನ್ಮಾಸಿಯೂ ಮನಸ್ಸೆಯೂ ಒಬ್ಬನೇ ಎಂದು ಕೆಲವರಿಗೆ ತೋರಿತು. 1951ರಲ್ಲಿ ಮಿಜೋ ಕ್ರೈಸ್ತನೊಬ್ಬನು, ತನ್ನ ಜನರು ಇಸ್ರಾಯೇಲ್ಯರೆಂದೂ ತಾಯ್ನಾಡಿಗೆ ಮರಳಬೇಕೆಂದೂ ದರ್ಶನವಾಯಿತೆಂದು ಸಾರಿದನು. ಮುಂದೆ ಕೆಲವು ಸಾವಿರ ಮಂದಿ ಯೆಹೂದ್ಯ ಧರ್ಮವನ್ನು ಅನುಸರಿಸತೊಡಗಿ ‘ಬ್ನೇ ಮೆನಾಶೆ’ ಎಂದು ಕರೆಸಿಕೊಂಡರು. 2005ರಲ್ಲಿ ಇಸ್ರೇಲಿನ ಮುಖ್ಯ ರಬ್ಬಿ ಶ್ಲೋಮೋ ಅಮಾರರು ಅವರನ್ನು ಇಸ್ರಾಯೇಲನ ಸಂತತಿಯೆಂದು ಅಂಗೀಕರಿಸಿದರು. ಆದರೂ ವಿಧಿಪೂರ್ವಕವಾಗಿ ಮತಾಂತರಗೊಳ್ಳಬೇಕೆಂಬ ಷರತ್ತನ್ನಿಟ್ಟರು. 2023ರ ಮೇ ತಿಂಗಳಲ್ಲಿ ಮಣಿಪುರದಲ್ಲಿ ಆರಂಭವಾದ ಗಲಭೆಯಲ್ಲಿ ಇವರಲ್ಲಿಯೂ ಅನೇಕರು ಮನೆಮಠ ಕಳೆದುಕೊಂಡರು. ಭಾರತದಲ್ಲಿ ಉಳಿದಿದ್ದ ಸುಮಾರು 5,800 ಮಂದಿಯನ್ನು 2030ರೊಳಗೆ ಕರೆಸಿಕೊಳ್ಳಲು ಇಸ್ರೇಲ್ ಸರ್ಕಾರವು 2025ರ ನವೆಂಬರಿನಲ್ಲಿ ಒಪ್ಪಿತು.

ಇನ್ನು ನಮ್ಮ ನೆರೆಯ ಆಂಧ್ರಪ್ರದೇಶ. ಗುಂಟೂರು ಜಿಲ್ಲೆಯ ಚೇಬ್ರೋಲಿನ ಸಮೀಪದ ಕೊತ್ತ ರೆಡ್ಡಿಪಾಲೆಮಿನಲ್ಲಿ ಮಾದಿಗ ಸಮುದಾಯದ ಕೆಲವು ಕುಟುಂಬಗಳು ತಾವು ಎಫ್ರಾಯೀಮ್ ಕುಲದವರೆಂದು ನಂಬಿ, 1990ರ ದಶಕದಿಂದ ಅಲ್ಲಿ ಪುಟ್ಟ ಸಭಾಮಂದಿರವನ್ನು ನಡೆಸುತ್ತಿವೆ. ಅದಕ್ಕೆ ಮೊದಲು ಅವರು ಬ್ಯಾಪ್ಟಿಸ್ಟ್ ಸಭೆಯವರಾಗಿದ್ದರು. ಯಾವ ಆಹಾರಕ್ಕಾಗಿ ಊರಿನವರು ತಮ್ಮನ್ನು ದೂರವಿಟ್ಟರೋ ಆ ಪದ್ಧತಿಯನ್ನೇ ಅವರು ಇಸ್ರಾಯೇಲ್ಯ ಮೂಲದ ಗುರುತೆಂದು ತೋರಿಸುತ್ತಾರೆ. ಅವರಿಗೆ ಇಸ್ರೇಲಿನ ಮನ್ನಣೆ ದೊರೆತಿಲ್ಲ. ಈ ವಾದಕ್ಕೆ ಚರಿತ್ರೆಯ ಆಧಾರವೂ ಸಿಕ್ಕುವುದಿಲ್ಲ. ಆದರೆ ಅದರ ಹಿಂದಿನ ಹಸಿವನ್ನು ನಾವು ಅರಿಯದಿದ್ದರೆ ತಪ್ಪು ನಮ್ಮದೇ. ಹುಟ್ಟಿನ ಕಾರಣದಿಂದ ಕೀಳೆನಿಸಿಕೊಂಡವನು, ತನ್ನ ಹುಟ್ಟೇ ಶ್ರೇಷ್ಠವಾದದ್ದೆಂದು ಹೇಳುವ ಗ್ರಂಥವೊಂದು ಕೈಗೆ ಸಿಕ್ಕಾಗ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುವುದು ಸಹಜವಲ್ಲವೇ? ಸಭೆಯೊಳಗೂ ಜಾತಿಯನ್ನು ಬಿಡಲಾರದ ನಮ್ಮನ್ನು ಈ ಪ್ರಶ್ನೆ ಚುಚ್ಚಬೇಕು.

ರಕ್ತ ಏನು ಹೇಳಬಲ್ಲದು?

ವಂಶವಾಹಿಗಳ ಪರೀಕ್ಷೆ ಇದನ್ನೆಲ್ಲ ಇತ್ಯರ್ಥಪಡಿಸಬಾರದೇ ಎಂದು ನೀವು ಕೇಳಬಹುದು. ಅದು ಸ್ವಲ್ಪಮಟ್ಟಿಗೆ ಹೇಳುತ್ತದೆ. ಬೆನೆ ಇಸ್ರಾಯೇಲ್ ಜನರಲ್ಲಿ ಪಶ್ಚಿಮ ಏಷ್ಯಾದ ಯೆಹೂದ್ಯರ ವಂಶವೂ ಭಾರತೀಯ ವಂಶವೂ ಬೆರೆತಿವೆಯೆಂದೂ, ಆ ಬೆರಕೆ ಸುಮಾರು 650ರಿಂದ 1,050 ವರ್ಷಗಳ ಹಿಂದೆ ನಡೆದಿರಬೇಕೆಂದೂ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇಥಿಯೋಪಿಯಾದವರ ವಂಶ ಬಹುಪಾಲು ಅವರ ನೆರೆಯವರದನ್ನೇ ಹೋಲುತ್ತದೆ. ಆದರೆ ಎಫ್ರಾಯೀಮಿನವನು, ಮನಸ್ಸೆಯವನು ಎಂದು ಗುರುತಿಸಿಕೊಡುವ ಪರೀಕ್ಷೆ ಇಲ್ಲ. ಹೋಲಿಸಿ ನೋಡಲು ಆ ಕುಲದವರದೆಂದು ಖಚಿತವಾಗಿ ತಿಳಿದ ಮಾದರಿಯೇ ನಮ್ಮಲ್ಲಿಲ್ಲ. ಸಮಾರ್ಯ ಬಿದ್ದು 2,700 ವರ್ಷಗಳಾದವು, ಅಂದರೆ ಸುಮಾರು ನೂರು ತಲೆಮಾರುಗಳು. ಖಾಬೂರಿನ ತೀರದಲ್ಲಿ ನೆಲೆಸಿದವರ ರಕ್ತವು ಇಷ್ಟು ಹೊತ್ತಿಗೆ ಇರಾಕಿನ, ಸಿರಿಯಾದ, ಇರಾನಿನ ಅಸಂಖ್ಯ ಮನೆಗಳಲ್ಲಿ ಹರಿಯುತ್ತಿರಬೇಕು. ಆ ಮನೆಗಳವರಿಗೆ ಅದರ ಅರಿವೂ ಇರಲಾರದು.

ಉಳಿದದ್ದು

ಹಾಗಾದರೆ ಹತ್ತು ಕುಲಗಳಿಂದ ಏನೂ ಉಳಿಯಲಿಲ್ಲವೇ? ಉಳಿಯಿತು, ಓದುಗರೇ. ಸಮಾರ್ಯದಿಂದ ದಕ್ಷಿಣಕ್ಕೆ ಓಡಿಬಂದವರು ತಮ್ಮೊಡನೆ ತಮ್ಮ ಪ್ರವಾದಿಗಳ ಮಾತುಗಳನ್ನೂ ತಂದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಎಲೀಯ ಎಲೀಷರ ಚರಿತ್ರೆ ಉತ್ತರದ್ದು. ದೆಬೋರಳ ಗೀತೆ ಉತ್ತರದ್ದು. ಆಮೋಸನು ದಕ್ಷಿಣದ ತೆಕೋವದವನಾದರೂ ಬೇತೇಲಿನಲ್ಲಿ ನಿಂತು ಬಡವರ ಪರವಾಗಿ ಗರ್ಜಿಸಿದ್ದು ಉತ್ತರದವರ ಮುಂದೆ. ರಾಜ್ಯ ಅಳಿದುಹೋದರೂ ಆ ವಾಕ್ಯ ಅಳಿಯಲಿಲ್ಲ. ಯೆರೂಸಲೇಮಿನವರು ತಮ್ಮ ಪ್ರತಿಸ್ಪರ್ಧಿಯ ಪ್ರವಾದಿಗಳನ್ನೂ ತಮ್ಮ ಪವಿತ್ರ ಸುರುಳಿಗಳಲ್ಲಿ ಸೇರಿಸಿ ಕಾಪಾಡಿದರು. ಹರಿದ ಹೊದಿಕೆಯ ತುಂಡುಗಳು ರಾಜಕೀಯದಲ್ಲಿ ಕೂಡಲಿಲ್ಲ, ಗ್ರಂಥದಲ್ಲಿ ಕೂಡಿದವು.

ಆ ಪ್ರವಾದಿಗಳಲ್ಲಿ ಹೋಶೇಯನು ಉತ್ತರದವನೇ. ಅವನು ತನ್ನ ಮಗನಿಗೆ ‘ಲೋ-ಅಮ್ಮಿ’ ಎಂಬ ಭಯಂಕರವಾದ ಹೆಸರನ್ನಿಟ್ಟನು. ಈ ಜನ ದೇವರ ಜನವಲ್ಲವೆಂಬುದು ಅದರ ಅರ್ಥ. ಹಾಗೆ ಕರೆಯಲ್ಪಟ್ಟವರನ್ನೇ ದೇವರು ಮತ್ತೆ ತನ್ನ ಜನವೆಂದು ಕರೆಯುವನೆಂದೂ ಅವನೇ ಸಾರಿದನು. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಈ ಮಾತನ್ನು ಎತ್ತಿಕೊಂಡು ಅನ್ಯಜನಗಳಿಗೂ ಅನ್ವಯಿಸುತ್ತಾನೆ. ಕುಲಪಟ್ಟಿಯಲ್ಲಿ ಹೆಸರಿಲ್ಲದವರಿಗೂ ಕರೆಯುಂಟೆಂಬ ಈ ಸತ್ಯದ ಮೇಲೆಯೇ ನಮ್ಮ ಊರುಗಳ ಸಭೆಗಳೂ ನಿಂತಿವೆ.

ಆದ್ದರಿಂದ ಯಾರಾದರೂ ಬಂದು ಇಂಥ ಜನಾಂಗವೇ ಕಳೆದುಹೋದ ಕುಲವೆಂದು ಹೇಳಿದರೆ, ಪುರಾವೆ ಏನೆಂದು ವಿನಯದಿಂದ ಕೇಳಿರಿ. ಶಬ್ದಸಾಮ್ಯಕ್ಕೆ ಮರುಳಾಗಬೇಡಿರಿ. ಆ ಮಾತಿನಲ್ಲಿ ಪರರನ್ನು ತುಳಿಯುವ ಹೆಮ್ಮೆಯಿದ್ದರೆ ದೂರವಿರಿ. ತುಳಿತಕ್ಕೆ ಸಿಕ್ಕವರ ಮೊರೆಯಿದ್ದರೆ ವಾದವನ್ನು ಬದಿಗಿಟ್ಟು ಆ ಮೊರೆಗೆ ಕಿವಿಗೊಡಿರಿ. ಮತ್ತು ಮಕ್ಕಳೊಂದಿಗೆ ಹೋಶೇಯನ ಪುಸ್ತಕವನ್ನು ಒಮ್ಮೆ ಮೊದಲಿನಿಂದ ಕೊನೆಯವರೆಗೆ ಓದಿರಿ. ಹದಿನಾಲ್ಕೇ ಅಧ್ಯಾಯಗಳು. ಎಫ್ರಾಯೀಮಿನ ದನಿ ಅಲ್ಲಿ ಇನ್ನೂ ಕೇಳಿಸುತ್ತದೆ.